ಹೊಲದ ಕಂದು ಹಕ್ಕಿ: ಫೋಟೋ ನೋಡಿ ಗುರುತು ಹಿಡಿಯುವುದು ಹೇಗೆ?

ನಾನು ಓದಿದ್ದು ಏಳನೇ ಇಯತ್ತೆ. ರಾಣೆಬೆನ್ನೂರು ಸೀಮೆಯಲ್ಲಿ ಆರು ಎಕರೆ ಮಳೆ ನಂಬಿದ ಹೊಲ. ಶೇಂಗಾ, ಜೋಳ, ಹುರುಳಿ ಬೆಳೆಯುತ್ತೇನೆ. ಬದುವಿನ ಆಚೆಗೆ ಹುಲ್ಲಿನ ಗೋಮಾಳ. ಅಲ್ಲಿ ಓಡಾಡುವ ಮಣ್ಣಿನ ಬಣ್ಣದ ಸಣ್ಣ ಹಕ್ಕಿಗಳಿಗೆಲ್ಲ ನಮ್ಮ ಮನೆಯಲ್ಲಿ ಒಂದೇ ಹೆಸರು, ನೆಲಗುಬ್ಬಿ. ಐವತ್ತು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ಶೇಂಗಾ ಬಿತ್ತಿದ ಮೂರನೇ ದಿನ ಸಾಲಿನಲ್ಲಿ ಅಲ್ಲಲ್ಲಿ ಬೀಜ ಕೆದರಿದ್ದವು. ಅದೇ ಸಾಲಿನಲ್ಲಿ ಕಂದು ಹಕ್ಕಿಗಳು ತುರುತುರು ಓಡುತ್ತಿದ್ದವು. ಕಳ್ಳರು ಇವೇ ಎಂದು ಕವಣೆ ಬೀಸಿದೆ. ಒಂದು ಬಿತ್ತು. ಹೊಟ್ಟೆ ಸೀಳಿ ನೋಡಿದರೆ ಒಂದು ಕಾಳೂ ಇಲ್ಲ! ಇರುವೆ, ಜೀರುಂಡೆಯ ರೆಕ್ಕೆ, ಹಸಿರು ಹುಳು. ಮರುದಿನ ನಸುಕಿನಲ್ಲೇ ಹೋಗಿ ಕುಂತೆ. ಬೀಜ ಕೆದರುತ್ತಿದ್ದದ್ದು ಕಾಗೆ. ಕದ್ದವರು ಯಾರೋ, ಸತ್ತವರು ಯಾರೋ. 1972ರ ವನ್ಯಜೀವಿ ಕಾಯ್ದೆ ಪ್ರಕಾರವೂ ಅದು ತಪ್ಪು ಎಂದು ಆಮೇಲೆ ತಿಳಿಯಿತು.

ಆ ಸತ್ತ ಹಕ್ಕಿಯ ಫೋಟೋ ತೆಗೆದವನು ನನ್ನ ತಂಗಿಯ ಮಗ. "ಮಾಮಾ, ಇದು ನೆಲಗುಬ್ಬಿ ಅಲ್ಲ, ಪಿಪಿಟ್. ಹುಳ ತಿನ್ನೋದೇ ಇದರ ಕೆಲಸ" ಅಂದ. ಅಂದಿನಿಂದ ಇಬ್ಬರೂ ಸೇರಿ ಫೋಟೋ ತೆಗೆಯುತ್ತೇವೆ, ಕಟ್ಟೆಯ ಮೇಲೆ ಕುಂತು ಹೋಲಿಸಿ ನೋಡುತ್ತೇವೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮನೆತನ ನೋಡಿ

ಪಿಪಿಟ್ ತೆಳ್ಳಗೆ, ನೆಟ್ಟಗೆ ನಿಲ್ಲುವ ಹಕ್ಕಿ. ಕೊಕ್ಕು ಸಣ್ಣ, ಬಾಲ ಉದ್ದ. ನಾಲ್ಕು ಹೆಜ್ಜೆ ಓಡಿ ನಿಂತು ಬಾಲ ಕುಣಿಸುತ್ತದೆ. ಹಾರಿದಾಗ ಬಾಲದ ಎರಡೂ ಅಂಚಿನ ಬಿಳಿ ಗರಿ ಕಾಣುತ್ತದೆ. ನೆಲಗುಬ್ಬಿಗಳದ್ದು ದಪ್ಪ ಕೊಕ್ಕು, ಗುಂಡು ಮೈ. ಕಾಳು ಒಡೆಯಲು ಆ ಕೊಕ್ಕು ಬೇಕಲ್ಲ! ಹಾಗಾಗಿ ಫೋಟೋದಲ್ಲಿ ಬಣ್ಣ ನೋಡುವ ಮುಂಚೆ ಕೊಕ್ಕು ನೋಡಬೇಕು.

ನೆಲಗುಬ್ಬಿಯಲ್ಲಿ ನಾಲ್ಕು ತರ

1. ಬೂದುನೆತ್ತಿಯದು: ಗಂಡಿನ ಗಲ್ಲದಿಂದ ಹೊಟ್ಟೆವರೆಗೆ ಕಪ್ಪು, ನೆತ್ತಿ ಬೂದಿ, ಕೆನ್ನೆ ಬೆಳ್ಳಗೆ. ಇದನ್ನು ಯಾರೂ ತಪ್ಪುವುದಿಲ್ಲ. ತೊಂದರೆ ಕೊಡುವುದು ಹೆಣ್ಣು. ಅದು ಬರೀ ಮಣ್ಣಿನ ಬಣ್ಣ, ಥೇಟ್ ಮನೆಗುಬ್ಬಿಯ ಹೆಣ್ಣು. ಮನೆಗುಬ್ಬಿಗಾದರೆ ಬೆನ್ನ ಮೇಲೆ ಕಪ್ಪು ಗೀರು ಎದ್ದು ಕಾಣುತ್ತವೆ, ಇದಕ್ಕೆ ಇಲ್ಲ. ಗಂಡು ಮೇಲೇರಿ ಶಿಳ್ಳೆ ಹಾಕುತ್ತ ಕಲ್ಲು ಬಿದ್ದಂತೆ ಕೆಳಗೆ ಬರುತ್ತದೆ. ಹೆಂಟೆಯ ಮೇಲೆ ಕೂರುತ್ತದೆ.

2. ಕೆಂಪುಬಾಲದ್ದು: ಮೈ ಗಾಢ ಕಂದು. ಬಾಲ ಇಟ್ಟಿಗೆ ಕೆಂಪು, ತುದಿಗೆ ಕಪ್ಪು ಪಟ್ಟಿ. ಕಲ್ಲು ಹೊಲದಲ್ಲಿ ಹೆಚ್ಚು.

3. ಜೆರ್ಡನ್ ಪೊದೆಯದು: ಗಿಡ್ಡ ಬಾಲ, ಎದೆಯ ಮೇಲೆ ದಟ್ಟ ಚುಕ್ಕೆ, ರೆಕ್ಕೆಯಲ್ಲಿ ಕೆಂಚು. ಪೊದೆ, ತಂತಿಯ ಮೇಲೆ ಕೂರುತ್ತದೆ. ಮೇಲೆ ಹಾರಿ ಹಾಡುತ್ತ ರೆಕ್ಕೆ ಎತ್ತಿ ಕಾಲು ಇಳಿಬಿಟ್ಟು ಛತ್ರಿಯಂತೆ ಇಳಿಯುತ್ತದೆ.

4. ಸೈಕ್ಸ್ ಜುಟ್ಟಿನದು: ತಲೆಯ ಮೇಲೆ ಚೂಪು ಜುಟ್ಟು, ಹೊಟ್ಟೆ ಕೆಂಚು, ಎದೆಯ ಮೇಲೆ ನಾಲ್ಕೇ ಸಣ್ಣ ಗೀರು. ಬೇರೆ ಹಕ್ಕಿಗಳ ದನಿಯನ್ನೂ ಅನುಕರಿಸುತ್ತದೆ. ಘಟ್ಟದ ಕಡೆ ಇರುವ ಮಲಬಾರ್ ಜುಟ್ಟಿನದೂ ಹೀಗೇ ಇರುತ್ತದೆ, ಆದರೆ ಅದು ದೊಡ್ಡದು, ಎದೆಯ ಗೀರು ದಟ್ಟ. ಫೋಟೋ ಎಲ್ಲಿ ತೆಗೆದದ್ದು ಎಂಬುದು ಇಲ್ಲಿ ಅರ್ಧ ಉತ್ತರ.

ಫೋಟೋ ಮೋಸ ಮಾಡುತ್ತದೆ

ಸಂಜೆಯ ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕೆಂಪು. ಕೆಂಪು ಮಣ್ಣಿನಲ್ಲಿ ಉರುಳಾಡಿದ್ದರಂತೂ ಕೇಳಬೇಡಿ. ಜುಟ್ಟು ಮಡಿಸಿದರೆ ಬೋಳು ತಲೆ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದಿದ್ದರೆ ಗುಬ್ಬಿ ಗಾತ್ರದ್ದೂ ಗೊರವಂಕದಷ್ಟು ಕಾಣುತ್ತದೆ. ಒಂದೇ ಫೋಟೋ ಹಿಡಿದು ವಾದ ಮಾಡಿ ನಾನೇ ಎರಡು ಸಲ ಸೋತಿದ್ದೇನೆ. ಕೆಂಪುಬಾಲದ್ದು ಎಂದು ಹಟ ಹಿಡಿದದ್ದು ಮಣ್ಣು ಮೆತ್ತಿದ ಜುಟ್ಟಿನದಾಗಿತ್ತು.

ಹಾಗಾಗಿ ಒಂದು ಹಕ್ಕಿಗೆ ಮೂರು ಫೋಟೋ ತೆಗೆಯಿರಿ: ಪಕ್ಕದಿಂದ ಕೊಕ್ಕು ಕಾಣುವಂತೆ, ಎದುರಿನಿಂದ ಎದೆ ಕಾಣುವಂತೆ, ಹಾರುವಾಗ ಬಾಲ ಬಿಚ್ಚಿದ್ದು. ಮೊಬೈಲಿನಲ್ಲೇ ದನಿಯನ್ನೂ ಹಿಡಿದಿಡಿ. ತಾರೀಖು, ಜಾಗ, ನೆಲದ ಮೇಲಿತ್ತೋ ತಂತಿಯ ಮೇಲಿತ್ತೋ, ಬರೆದಿಡಿ. ಗೊತ್ತಾಗದಿದ್ದರೆ "ಗೊತ್ತಾಗಲಿಲ್ಲ" ಎಂದೇ ಬರೆಯಿರಿ, ನಾಚಿಕೆ ಏನಿಲ್ಲ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ನಮ್ಮ ಹೆಜ್ಜೆ ಹಿಡಿದು ನಾಯಿ, ಕಾಗೆ ಬರುತ್ತವೆ.

ಇದರಿಂದ ರೈತನಿಗೇನು?

ಕಾಳು ತಿನ್ನುವ ನೆಲಗುಬ್ಬಿಯೂ ಮರಿಗೆ ತಿನ್ನಿಸುವುದು ಹುಳವನ್ನೇ. ಗೂಡು ನೆಲದ ಮೇಲೆ, ಹೆಂಟೆಯ ಮರೆಯಲ್ಲಿ, ಎರಡು ಮೂರು ಮೊಟ್ಟೆ. ಎಡೆಕುಂಟೆ ಹೊಡೆಯುವಾಗ ಹಕ್ಕಿ ಎದುರಿಗೇ ಎದ್ದರೆ ಈಗ ನಾನು ಎತ್ತು ನಿಲ್ಲಿಸುತ್ತೇನೆ. ಗೂಡಿದ್ದರೆ ಒಂದು ಮಾರು ಬಿಟ್ಟು ಕಡ್ಡಿ ನೆಟ್ಟು ಮುಂದೆ ಹೋಗುತ್ತೇನೆ. ಆ ಜಾಗದ ಕಳೆಯನ್ನು ಆಮೇಲೆ ಕೈಯಲ್ಲಿ ಕಿತ್ತರಾಯಿತು. ನಷ್ಟ ಒಂದು ಮುಷ್ಟಿ ಶೇಂಗಾ.

ಇನ್ನೊಂದು ಮಾತು. ಗೋಮಾಳವನ್ನು ಕಾಗದದಲ್ಲಿ ಪಾಳು ಎಂದು ಬರೆಯುವುದು ಸುಲಭ, ಅಲ್ಲಿ ಏನೂ ಇಲ್ಲ ಅನ್ನುವುದು ಇನ್ನೂ ಸುಲಭ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು, ಅದರ ಹುಲ್ಲುಗಾವಲಿನಲ್ಲೂ ನೀಲಗಿರಿ ನೆಡುತೋಪು ಎದ್ದಿತ್ತು. ನಮ್ಮ ಗೋಮಾಳದಲ್ಲಿ ಇಷ್ಟು ಬಗೆಯ ಹಕ್ಕಿ ಇವೆ ಎಂದು ತಾರೀಖಿನ ಸಮೇತ ಫೋಟೋ ಇದ್ದರೆ ಗ್ರಾಮಸಭೆಯಲ್ಲಿ ಎದ್ದು ಮಾತಾಡಲು ಒಂದು ಆಧಾರ ಆಗುತ್ತದೆ.

ನನ್ನ ಕವಣೆ ಈಗ ಅಟ್ಟದ ಮೇಲಿದೆ. ಕಾಗೆ ಓಡಿಸಲು ಹಳೇ ತಗಡು ಬಡಿದರೆ ಸಾಕು.