ಬರೆಯ ಕೆಳಗಿನ ಬದುಕು

ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ 1,748 ಮೀಟರು ಎತ್ತರವಾಗಿದೆ. ಅದರ ಮಡಿಲಿನ ಊರು ಕಕ್ಕಬೆ. ಒಂದು ಕಾಲಕ್ಕೆ ಜೇನಿಗೆ ಹೆಸರಾಗಿದ್ದ ಈ ಊರಿಗೆ ಅದಕ್ಕಿಂತಲೂ ಹಿರಿದಾದ ಇನ್ನೊಂದು ಹೆಸರುಂಟು. ಪಾಡಿಯ ಇಗ್ಗುತಪ್ಪನ ನೆಲೆ ಇದು. ಇಗ್ಗುತಪ್ಪನು ಮಳೆ ಬೆಳೆಗಳ ದೇವರು. ಹುತ್ತರಿಯ ಮುಹೂರ್ತ ನಿಶ್ಚಯವಾಗುವುದೂ ಅವನ ಸನ್ನಿಧಿಯಲ್ಲಿಯೇ. ಹೀಗೆ ಮಳೆಯನ್ನು ಕೈಮುಗಿದು ಬರಮಾಡಿಕೊಂಡ ನಾಡು ಕೊಡಗು. ಆದರೆ ಇಂದು ಕಕ್ಕಡ ಮಾಸದ ಇರುಳಿನಲ್ಲಿ ಮಳೆ ಬಿರುಸಾಯಿತೆಂದರೆ ಬರೆಯ ಕೆಳಗಿನ ಮನೆಗಳಲ್ಲಿ ಯಾರಿಗೂ ನಿದ್ದೆ ಬಾರದು.

ಗುಡ್ಡದ ಕಡಿದಾದ ಪಕ್ಕಕ್ಕೆ ಕೊಡಗಿನಲ್ಲಿ ಬರೆಯೆಂದು ಹೆಸರು. ಬರೆ ಜರಿಯುವುದು ಇಲ್ಲಿಯವರಿಗೆ ಹೊಸತಲ್ಲ; ಪ್ರತಿ ಮಳೆಗಾಲದಲ್ಲಿಯೂ ರಸ್ತೆಯ ಮೇಲೆ ಒಂದಿಷ್ಟು ಮಣ್ಣು ಬೀಳುತ್ತಿತ್ತು, ಅದನ್ನು ಎತ್ತಿ ಹಾಕಿದರೆ ಮುಗಿಯಿತು. 2018ರ ಆಗಸ್ಟಿನ ನಡುವಿನಲ್ಲಿ ನಡೆದುದು ಬೇರೆಯೇ ಬಗೆಯದು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ತೋಟ, ಮನೆ, ಗದ್ದೆಗಳನ್ನು ಹೊತ್ತುಕೊಂಡು ಗುಡ್ಡಗಳೇ ಕೆಳಗಿಳಿದವು. ಸುಮಾರು 20 ಮಂದಿ ಪ್ರಾಣ ತೆತ್ತರು. ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ಮರುವರ್ಷದ ಆಗಸ್ಟಿನಲ್ಲಿ ಭಾಗಮಂಡಲದ ಬಳಿಯ ಕೋರಂಗಾಲ, ವಿರಾಜಪೇಟೆ ತಾಲ್ಲೂಕಿನ ತೋರ; 2020ರ ಆಗಸ್ಟಿನಲ್ಲಿ ತಲಕಾವೇರಿ. ತೋರದಲ್ಲಿ ಮಣ್ಣಿನಡಿಯಾದವರಲ್ಲಿ ಕೆಲವರ ದೇಹಗಳು ಕಡೆಗೂ ದೊರೆಯಲಿಲ್ಲ.

ಗುಡ್ಡವೇಕೆ ಜಾರುತ್ತದೆ?

ಜನರು ಇದನ್ನು ಜಲಸ್ಫೋಟವೆಂದು ಕರೆದರು. ಕಂಡವರಿಗೆ ಬೆಟ್ಟದ ಹೊಟ್ಟೆ ಒಡೆದು ನೀರು ಚಿಮ್ಮಿದಂತೆಯೇ ತೋರಿತು. ಈ ಬೆಟ್ಟಗಳ ಒಡಲಿನಲ್ಲಿ ಗಟ್ಟಿ ಬಂಡೆಯಿದೆ. ಅದರ ಮೇಲೆ ಯುಗಯುಗಗಳ ಮಳೆ ಬಿಸಿಲುಗಳಿಗೆ ಶಿಥಿಲವಾದ ಕಲ್ಲು ಮಣ್ಣುಗಳ ದಪ್ಪನಾದ ಹೊದಿಕೆಯಿದೆ. ವಾರಗಟ್ಟಲೆ ಸುರಿದ ಮಳೆಯನ್ನು ಆ ಹೊದಿಕೆ ಹೀರುತ್ತದೆ. ಬಂಡೆಯನ್ನು ಮುಟ್ಟಿದ ನೀರಿಗೆ ಮುಂದೆ ದಾರಿಯಿಲ್ಲ. ಮಣ್ಣಿನ ಕಣಕಣಗಳ ನಡುವೆ ಸಿಕ್ಕಿದ ನೀರಿನ ಒತ್ತಡ ಏರಿ, ಒಂದನ್ನೊಂದು ಹಿಡಿದಿದ್ದ ಕಣಗಳ ಹಿಡಿತ ಸಡಿಲುತ್ತದೆ. ಅಂಥ ಸಮಯದಲ್ಲಿ ಇನ್ನೊಂದು ಭಾರಿ ಮಳೆ ಬಂದರೆ ಸಾಕು, ಇಳಿಜಾರಿನಲ್ಲಿ ನಿಂತಿದ್ದುದೆಲ್ಲ ಕೆಸರಾಗಿ ಹರಿಯುತ್ತದೆ.

ಆದರೆ ಮಳೆಯೊಂದನ್ನೇ ದೂರುವಂತಿಲ್ಲ. ಗುಡ್ಡವು ತನ್ನ ಪಾದದ ಮೇಲೆ ನಿಂತಿರುತ್ತದೆ. ರಸ್ತೆಗೆಂದು, ಮನೆಗೆಂದು, ಪ್ರವಾಸಿಗರ ಹೋಂಸ್ಟೇಗೆಂದು ಆ ಪಾದವನ್ನೇ ಯಂತ್ರದಿಂದ ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ಎಲ್ಲಿ? ನೀರು ಹರಿಯುತ್ತಿದ್ದ ತೋಡನ್ನು ಮುಚ್ಚಿದರೆ ಆ ನೀರು ಹೋಗುವುದೆಲ್ಲಿಗೆ? 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ಇದನ್ನೇ ಹೇಳಿದರು: ಮಳೆ ನೆಪವಾಯಿತು, ಇಳಿಜಾರುಗಳನ್ನು ಮನುಷ್ಯರು ಕಡಿದು ಮೊದಲೇ ದುರ್ಬಲಗೊಳಿಸಿದ್ದರು.

ಮರುದಿನದ ಭೇದ

ಕುಸಿಯುವ ಗುಡ್ಡ ಬಡವ ಬಲ್ಲಿದರೆಂದು ನೋಡುವುದಿಲ್ಲ. 2018ರಲ್ಲಿ ತೋಟದ ಒಡೆಯರೂ ಮನೆಮಾರು ಕಳೆದುಕೊಂಡರು. ತಲೆಮಾರುಗಳ ಕಾಫಿ ತೋಟ ಒಂದೇ ದಿನದಲ್ಲಿ ಕೆಮ್ಮಣ್ಣಿನ ಬಯಲಾದುದನ್ನು ಕಂಡರು. ಅವರ ದುಃಖವೇನೂ ಕಡಿಮೆಯದಲ್ಲ. ಆದರೆ ಭೇದವೆಂಬುದು ಮರುದಿನ ಬೆಳಗ್ಗೆ ಆರಂಭವಾಗುತ್ತದೆ.

ಹಳೆಯ ಐನ್‌ಮನೆಗಳನ್ನು ನೋಡಿದವರು ಬಲ್ಲರು: ಅವು ತಮ್ಮ ಗದ್ದೆಗಳನ್ನು ನೋಡುತ್ತ ಎತ್ತರದ ನೆಲದಲ್ಲಿ ನಿಂತಿವೆ. ಕಟ್ಟಿದವರಿಗೆ ಜಾಗವನ್ನು ಆರಿಸಿಕೊಳ್ಳುವ ಅವಕಾಶವಿತ್ತು. ತೋಟದ ಲೈನ್ ಮನೆಯಲ್ಲಿರುವ ಕೂಲಿಯವನಿಗೆ ಆ ಅವಕಾಶವಿಲ್ಲ. ಪೈಸಾರಿ ಜಾಗದಲ್ಲಿ, ಬೇರೆ ಯಾರಿಗೂ ಬೇಡವಾದ ಬರೆಯ ಅಂಚಿನಲ್ಲಿ ಗುಡಿಸಲು ಕಟ್ಟಿದವನಿಗೂ ಇಲ್ಲ. ತಡಿಯಂಡಮೋಳಿನ ಸುತ್ತಣ ಮಲೆಗಳಲ್ಲಿ ಜೇನು, ಏಲಕ್ಕಿ, ಬೈನೆ ಮರಗಳನ್ನು ನೆಚ್ಚಿ ಬದುಕಿದ ಕುಡಿಯರು ಆ ಇಳಿಜಾರುಗಳನ್ನು ಬಲ್ಲಷ್ಟು ಇನ್ನಾರೂ ಬಲ್ಲವರಲ್ಲ. ಆದರೆ ಇಂಥವರು ನೆಲವನ್ನು ಬಲ್ಲರೆಂದ ಮಾತ್ರಕ್ಕೆ ನೆಲದ ಕಾಗದ ಕೈಯಲ್ಲಿರಬೇಕೆಂದಿಲ್ಲ. ಅರಣ್ಯವಾಸಿಗಳಿಗೆ ಹಕ್ಕುಪತ್ರ ನೀಡುವ ಕಾನೂನು 2006ರಲ್ಲಿಯೇ ಆಯಿತು. ಕಾನೂನು ಮಲೆ ಹತ್ತಿ ಬರುವುದು ನಿಧಾನ.

ಪರಿಹಾರದ ಅರ್ಜಿ ಮೊದಲು ಕೇಳುವುದು ದಾಖಲೆಯನ್ನು. ಲೈನ್ ಮನೆ ಬಿದ್ದರೆ ಬಿದ್ದುದು ಮಾಲೀಕನ ಕಟ್ಟಡ. ಅದರೊಳಗೆ ಇಪ್ಪತ್ತು ವರ್ಷ ಬಾಳಿದವನಿಗೆ ತಾನು ಕಳೆದುಕೊಂಡುದನ್ನು ತೋರಿಸಲು ಏನಿದೆ? ಬೆಟ್ಟಸಾಲಿನಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 2024ರ ಜುಲೈ 30ರ ನಸುಕಿಗೆ ಮುನ್ನ ಇನ್ನೂರಕ್ಕೂ ಹೆಚ್ಚು ಜನರನ್ನು ನುಂಗಿದ ಕುಸಿತದಲ್ಲಿಯೂ ಚಹಾ ತೋಟದ ಕಾರ್ಮಿಕರ ವಸತಿಗಳು ಕೊಚ್ಚಿಹೋದವು.

ಎಲ್ಲಿಗೆ ಹೋಗುವುದು?

ಮಳೆಗಾಲದ ಮುನ್ನ ಅಪಾಯದ ಸ್ಥಳಗಳಲ್ಲಿರುವವರಿಗೆ ಮನೆ ಬಿಡಿರೆಂದು ಸೂಚನೆ ಬರುತ್ತದೆ. ಸೂಚನೆ ಸರಿಯಾದುದೇ. ಆದರೆ ಎಲ್ಲಿಗೆ? ಮೂರು ತಿಂಗಳು ಬಾಡಿಗೆ ತೆರುವವರಾರು? ಹಸುವನ್ನು ಕಟ್ಟುವುದೆಲ್ಲಿ? ದಿನಗೂಲಿ ತಪ್ಪಿದರೆ ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದವನು ಸೂಚನೆಯನ್ನು ಮಡಿಸಿ ಸೂರಿನ ಸಂದಿಯಲ್ಲಿ ಸಿಕ್ಕಿಸಿ ಅಲ್ಲಿಯೇ ಉಳಿಯುತ್ತಾನೆ. ಇದನ್ನು ಮೊಂಡುತನವೆನ್ನುವುದು ನ್ಯಾಯವಲ್ಲ. 2018ರ ಸಂತ್ರಸ್ತರಿಗಾಗಿ ಜಂಬೂರು, ಮಾದೆನಾಡು, ಕರ್ಣಂಗೇರಿಗಳಲ್ಲಿ ಮನೆಗಳೆದ್ದವು. ಅದು ಸಣ್ಣ ಕೆಲಸವಲ್ಲ. ಅಂಥ ಮನೆ ಗುಡ್ಡ ಜಾರಿದ ಮೇಲಲ್ಲ, ಜಾರುವ ಮುನ್ನ ದೊರೆಯಬೇಕು. ಕೆಲಸದ ತೋಟಕ್ಕೆ ನಡೆದು ಹೋಗುವಷ್ಟು ಹತ್ತಿರವಿರಬೇಕು.

ಗುಡ್ಡ ಕೆಲವೊಮ್ಮೆ ಮುನ್ಸೂಚನೆ ಕೊಡುತ್ತದೆ. ಅಂಗಳದಲ್ಲಿ ಬಿರುಕು ಕಾಣುತ್ತದೆ. ನೆಟ್ಟಗಿದ್ದ ಮರ ವಾಲುತ್ತದೆ. ಬಾಗಿಲು ಚೌಕಟ್ಟಿನಲ್ಲಿ ಬಿಗಿಯುತ್ತದೆ. ಇಲ್ಲದ ಕಡೆ ಒರತೆ ಏಳುತ್ತದೆ. ಹರಿಯುವ ತೋಡು ಒಮ್ಮೆಲೇ ಕೆಂಪಗಾಗುತ್ತದೆ, ಇಲ್ಲವೆ ಮಳೆಯಲ್ಲಿಯೇ ನಿಂತುಹೋಗುತ್ತದೆ. ಇವುಗಳಲ್ಲಿ ಒಂದನ್ನು ಕಂಡರೂ ಇರುಳಾಗುವವರೆಗೆ ಕಾಯಬಾರದು.

ಕೊಡಗಿನ ಬೆಳೆಗಾರರಲ್ಲಿ ಒಂದು ಒಳ್ಳೆಯ ರೂಢಿಯುಂಟು. ಬೆಳಗಾಗೆದ್ದು ಮಳೆಮಾಪಕ ನೋಡಿ, ಇಷ್ಟು ಇಂಚು ಮಳೆಯಾಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅಜ್ಜನ ಕಾಲದಿಂದ ಬಂದ ಅಂಥ ಪುಸ್ತಕಗಳು ಎಷ್ಟೋ ಮನೆಗಳಲ್ಲಿವೆ. ಕಾಫಿಯ ಹೂವಿಗಾಗಿ, ಕಾಳುಮೆಣಸಿನ ಬಳ್ಳಿಗಾಗಿ ಆ ಲೆಕ್ಕ. ಅದೇ ಲೆಕ್ಕ ಆ ದಿನವೇ ತೋಟದ ಕೆಳಗಿನ ಲೈನ್ ಮನೆಯ ಬಾಗಿಲಿಗೂ ತಲಪಿ, ಇಷ್ಟು ಇಂಚು ಮೀರಿದರೆ ಎಲ್ಲರೂ ಇಂಥ ಶಾಲೆಗೆ ಹೋಗತಕ್ಕದ್ದೆಂದು ಊರು ಮೊದಲೇ ಗೊತ್ತುಮಾಡಿಕೊಂಡರೆ, ಅದಕ್ಕೆ ಕಾಸಿನ ಖರ್ಚಿಲ್ಲ. ಮಳೆಯನ್ನು ಕೊಡುವವನು ಇಗ್ಗುತಪ್ಪನಾದರೂ ಅದನ್ನು ಅಳೆದು ನೆರೆಯವನಿಗೆ ಹೇಳುವ ಹೊಣೆ ನಮ್ಮದೇ.