ಬಂಡೆಯೇರುವ ಕಿರುಬಂಡಿ

ರೇಡಿಯೋ ಅಲೆಗಳ ನೆರವಿನಿಂದ ದೂರದಿಂದಲೇ ನಡೆಸಬಹುದಾದ ಆಟದ ಬಂಡಿಗಳಲ್ಲಿ ‘ರಾಕ್ ಕ್ರಾಲರ್’ ಎಂಬುದೊಂದು ಬಗೆ. ಹೆಸರೇ ಸೂಚಿಸುವಂತೆ ಇದು ಬಂಡೆಗಳ ಮೇಲೆ ತೆವಳುವ ಬಂಡಿ. ಅಮೆರಿಕದ ಯೂಟಾ ಸಂಸ್ಥಾನದ ಮೋಆಬ್ ಎಂಬ ಊರಿನ ಸುತ್ತಣ ಮರಳುಗಲ್ಲಿನ ಬಂಡೆಗಳ ಮೇಲೆ ಜೀಪುಗಳನ್ನು ಹತ್ತಿಸುವ ಸಾಹಸಕ್ರೀಡೆ ಬಹುಕಾಲದಿಂದ ನಡೆದುಬಂದಿದೆ. ಅಂತಹ ವಾಹನವನ್ನು ಹತ್ತನೆಯ ಒಂದು ಅಳತೆಗೆ ಕುಗ್ಗಿಸಿದರೆ ಈ ಕಿರುಬಂಡಿ ದೊರೆಯುತ್ತದೆ. ಅಮೆರಿಕದ ಟ್ರ್ಯಾಕ್ಸಾಸ್ ಕಂಪನಿಯು ೨೦೧೭ರಲ್ಲಿ ಹೊರತಂದ ‘ಟಿಆರ್‌ಎಕ್ಸ್-೪’ ಇದಕ್ಕೊಂದು ಉದಾಹರಣೆ.

ಇಂತಹ ಬಂಡಿಯನ್ನು ಕೊಂಡವರು ಮೊದಲು ಬದಲಾಯಿಸಬಯಸುವುದು ಅದರ ಶಾಕ್ ಅಬ್ಸಾರ್ಬರುಗಳನ್ನು ಮತ್ತು ಲಿಂಕುಗಳನ್ನು. ಹೊಳೆಯುವ ಅಲ್ಯೂಮಿನಿಯಮ್ಮಿನ, ಉದ್ದವಾದ, ಬಿಗಿಯಾದ ಭಾಗಗಳು ಅಂಗಡಿಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಹಣ ತೆತ್ತು ಅವನ್ನು ಜೋಡಿಸಿದ ಮೇಲೆ, ಬಂಡಿಯು ಮೊದಲು ಸಲೀಸಾಗಿ ಏರುತ್ತಿದ್ದ ಬಂಡೆಯಿಂದಲೇ ಉರುಳಿ ಬೀಳುವುದೂ ಉಂಟು. ಇದಕ್ಕೆ ಕಾರಣವೇನು? ಕಾಲೇಜಿನ ಪ್ರಥಮ ವರ್ಷದ ಭೌತಶಾಸ್ತ್ರವೇ ಇದಕ್ಕೆ ಉತ್ತರ ಕೊಡಬಲ್ಲುದು.

ಈ ಬಂಡಿಯಲ್ಲಿ ಎಡಬಲದ ಚಕ್ರಗಳನ್ನು ಒಂದೇ ಗಟ್ಟಿಯಾದ ಅಚ್ಚು ಕೂಡಿಸುತ್ತದೆ. ಅಚ್ಚಿಗೂ ಚೌಕಟ್ಟಿಗೂ ಮೂರು ಬಗೆಯ ಸಂಬಂಧಗಳಿವೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ. ಶಾಕ್ ಅಬ್ಸಾರ್ಬರಿನೊಳಗಣ ಎಣ್ಣೆಯು ಆಂದೋಲನವನ್ನು ಅಡಗಿಸುತ್ತದೆ. ಲಿಂಕುಗಳೆಂಬ ಸರಳುಗಳು ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಟ್ಟು, ಚಕ್ರದ ತಳ್ಳುವಿಕೆಯನ್ನು ಚೌಕಟ್ಟಿಗೆ ಒಯ್ಯುತ್ತವೆ. ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಸ್ಪ್ರಿಂಗಿನ ಕೆಲಸ

ಸ್ಪ್ರಿಂಗಿನ ಕುಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದನು. ಬಂಡಿಯ ತೂಕ ೨.೪ ಕಿಲೋಗ್ರಾಂ ಎಂದೂ, ಅದು ನಾಲ್ಕು ಚಕ್ರಗಳ ಮೇಲೆ ಸಮವಾಗಿ ಹಂಚಿದೆಯೆಂದೂ ಭಾವಿಸೋಣ. ಅಚ್ಚು ಮತ್ತು ಚಕ್ರಗಳ ತೂಕವನ್ನು ಸದ್ಯಕ್ಕೆ ಬಿಟ್ಟರೆ ಪ್ರತಿ ಮೂಲೆಯ ಸ್ಪ್ರಿಂಗು ೬೦೦ ಗ್ರಾಂ ಭಾರವನ್ನು ಹೊರಬೇಕು. ಬಿರುಸಾದ ಸ್ಪ್ರಿಂಗೊಂದು ಈ ಭಾರಕ್ಕೆ ೩ ಮಿಲಿಮೀಟರ್ ಕುಗ್ಗುತ್ತದೆ, ಮೃದುವಾದ ಇನ್ನೊಂದು ೧೫ ಮಿಲಿಮೀಟರ್ ಕುಗ್ಗುತ್ತದೆ ಎನ್ನೋಣ. ಈಗ ಒಂದು ಚಕ್ರದ ಕೆಳಗೆ ೬ ಮಿಲಿಮೀಟರ್ ಆಳದ ತಗ್ಗು ಬಂದಿತು. ಬಂಡಿಯ ಒಡಲು ಕದಲಲಿಲ್ಲ. ಬಿರುಸಾದ ಸ್ಪ್ರಿಂಗು ೩ ಮಿಲಿಮೀಟರ್ ಹಿಗ್ಗುವಷ್ಟರಲ್ಲಿಯೇ ತನ್ನ ಬಲವನ್ನೆಲ್ಲ ಕಳೆದುಕೊಳ್ಳುವುದರಿಂದ ಆ ಚಕ್ರವು ನೆಲವನ್ನು ಒತ್ತುವುದೇ ಇಲ್ಲ. ಮೃದುವಾದ ಸ್ಪ್ರಿಂಗಿನಲ್ಲಾದರೋ ಇನ್ನೂ ೯ ಮಿಲಿಮೀಟರ್ ಕುಗ್ಗುವಿಕೆ ಉಳಿದಿರುತ್ತದೆ. ಎಂದರೆ ಮೊದಲಿನ ಭಾರದಲ್ಲಿ ನೂರಕ್ಕೆ ೬೦ ಪಾಲು ಆ ಚಕ್ರದ ಮೇಲೆಯೇ ಇದೆ.

ಇಲ್ಲಿ ಜಾಣ ವಿದ್ಯಾರ್ಥಿಯು ಒಂದು ಆಕ್ಷೇಪವನ್ನೆತ್ತಬಹುದು. ಘರ್ಷಣೆಯು ಒತ್ತುವ ಬಲಕ್ಕೆ ಅನುಪಾತದಲ್ಲಿರುವುದಾದರೆ, ಒಂದು ಚಕ್ರ ಕಳೆದುಕೊಂಡ ಭಾರವನ್ನು ಉಳಿದವು ಹೊರುತ್ತವೆಯಷ್ಟೆ. ಒಟ್ಟು ಹಿಡಿತದಲ್ಲಿ ನಷ್ಟವೆಲ್ಲಿ? ಆಕ್ಷೇಪ ಯುಕ್ತವಾದುದೇ. ಆದರೆ ರಬ್ಬರಿನ ಘರ್ಷಣೆ ಈ ಸರಳ ನಿಯಮಕ್ಕೆ ಪೂರ್ತಿಯಾಗಿ ಒಳಪಡುವುದಿಲ್ಲ. ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ ಇಳಿಯುತ್ತದೆ. ಅಲ್ಲದೆ ಬಂಡೆಯ ಮೈ ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ಒಂದು ಚಕ್ರ ಹುಡಿಮಣ್ಣಿನ ಮೇಲಿದ್ದಾಗ ಇನ್ನೊಂದು ಒರಟುಗಲ್ಲಿನ ಮೇಲಿರಬಹುದು. ಗಾಳಿಯಲ್ಲಿ ತೂಗುತ್ತಿರುವುದು ಆ ಒರಟುಗಲ್ಲಿನ ಚಕ್ರವೇ ಆದರೆ ಬಂಡಿ ಜಾರುವುದು ಖಂಡಿತ. ಎಲ್ಲಕ್ಕಿಂತ ಮುಖ್ಯವಾಗಿ, ಮೂರೇ ಕಾಲುಗಳ ಮೇಲೆ ನಿಂತ ಬಂಡಿಗೆ ಉರುಳುವುದು ಸುಲಭ.

ಹಾಗೆಂದು ಸ್ಪ್ರಿಂಗನ್ನು ಮಿತಿಮೀರಿ ಮೃದುವಾಗಿಸಬಾರದು. ಚೌಕಟ್ಟಿನ ಮೇಲಿರುವ ಮೋಟಾರು ಉದ್ದನೆಯ ದಂಡವೊಂದನ್ನು ತಿರುಗಿಸಿ ಅಚ್ಚಿಗೆ ಶಕ್ತಿಯನ್ನು ಒದಗಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಚೌಕಟ್ಟಿನ ಮೇಲೆ ವಿರುದ್ಧ ದಿಕ್ಕಿನ ತಿರುಚುಬಲ ಬೀಳುತ್ತದೆ. ಸ್ಪ್ರಿಂಗುಗಳು ತೀರ ಸಡಿಲವಾದರೆ ಏರುವ ಸಮಯದಲ್ಲಿ ಒಡಲು ಒಂದು ಬದಿಗೆ ವಾಲಿ, ಒಂದು ಮೂಲೆಯ ಚಕ್ರ ಹಗುರಾಗುತ್ತದೆ.

ಎತ್ತರದ ಬೆಲೆ

ಉದ್ದವಾದ ಶಾಕ್ ಅಬ್ಸಾರ್ಬರುಗಳನ್ನು ಹಾಕಿದರೆ ಬಂಡಿಯ ಹೊಟ್ಟೆ ಕಲ್ಲಿಗೆ ತಗಲುವುದಿಲ್ಲವೆಂಬುದು ನಿಜ. ಆದರೆ ಇದಕ್ಕೆ ತೆರಬೇಕಾದ ಬೆಲೆಯೇನು? ಬಂಡಿಯ ನಡುಗೆರೆಯಿಂದ ಚಕ್ರಕ್ಕೆ ೧೧ ಸೆಂಟಿಮೀಟರ್ ದೂರವಿದ್ದು, ಗುರುತ್ವಕೇಂದ್ರವೂ ೧೧ ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಅಡ್ಡ ಇಳಿಜಾರಿನಲ್ಲಿ ಬಂಡಿಯು ೪೫ ಡಿಗ್ರಿಯವರೆಗೆ ಉರುಳದೆ ನಿಲ್ಲಬಲ್ಲುದು. ಗುರುತ್ವಕೇಂದ್ರ ಎರಡೇ ಸೆಂಟಿಮೀಟರ್ ಮೇಲೇರಿದರೆ ಈ ಮಿತಿ ಸುಮಾರು ೪೦ ಡಿಗ್ರಿಗೆ ಇಳಿಯುತ್ತದೆ. ನೇರ ಏರಿನಲ್ಲಿಯೂ ಇದೇ ಕಥೆ. ಅಚ್ಚುಗಳ ನಡುವೆ ೩೨ ಸೆಂಟಿಮೀಟರ್ ಅಂತರವಿದ್ದು, ಗುರುತ್ವಕೇಂದ್ರ ಅವುಗಳ ಮಧ್ಯದಲ್ಲಿ ೧೧ ಸೆಂಟಿಮೀಟರ್ ಎತ್ತರದಲ್ಲಿದ್ದರೆ, ೪೦ ಡಿಗ್ರಿಯ ಏರಿನಲ್ಲಿ ಹಿಂಚಕ್ರಗಳ ಭಾರ ಮುಂಚಕ್ರಗಳ ಭಾರದ ಸುಮಾರು ೩.೭ ಪಟ್ಟಾಗುತ್ತದೆ. ಬ್ಯಾಟರಿಯನ್ನು ಮುಂದಕ್ಕೂ ಕೆಳಕ್ಕೂ ಸರಿಸಿದರೆ ಕಾಸು ಖರ್ಚಿಲ್ಲದೆಯೇ ಈ ಅಂತರ ಕಡಿಮೆಯಾಗುತ್ತದೆ.

ಎಣ್ಣೆಯ ಕೆಲಸ

ಶಾಕ್ ಅಬ್ಸಾರ್ಬರಿನೊಳಗೆ ರಂಧ್ರಗಳುಳ್ಳ ಪಿಸ್ಟನ್ನು ಸಿಲಿಕೋನ್ ಎಣ್ಣೆಯಲ್ಲಿ ಚಲಿಸುತ್ತದೆ. ಎಣ್ಣೆಯ ತಡೆಯು ಪಿಸ್ಟನ್ನಿನ ವೇಗವನ್ನು ಅವಲಂಬಿಸಿರುವುದರಿಂದ, ನಿಂತ ಬಂಡಿಗೆ ಎಣ್ಣೆ ಯಾವ ಆಸರೆಯನ್ನೂ ಕೊಡುವುದಿಲ್ಲ. ನಿಧಾನವಾಗಿ ತೆವಳುವಾಗಲೂ ಅದರ ಪಾತ್ರ ಅಲ್ಪ. ಚಕ್ರವು ಕಲ್ಲಿನ ಅಂಚಿನಿಂದ ಥಟ್ಟನೆ ಕೆಳಗೆ ಬಿದ್ದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ೧೫ ಮಿಲಿಮೀಟರ್ ಕುಗ್ಗಿದ ಸ್ಪ್ರಿಂಗಿನ ಮೇಲಿರುವ ಒಡಲಿನ ಆಂದೋಲನಾವಧಿ ಸುಮಾರು ಕಾಲು ಸೆಕೆಂಡು. ಹತ್ತುಪಟ್ಟು ದೊಡ್ಡ ವಾಹನದಲ್ಲಿ ಕುಗ್ಗುವಿಕೆಯೂ ಹತ್ತುಪಟ್ಟಾದರೆ ಈ ಅವಧಿ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು. ನಿಜವಾದ ಜೀಪು ಗಂಭೀರವಾಗಿ ತೂಗುವಲ್ಲಿ ಕಿರುಬಂಡಿ ಚಡಪಡಿಸುವುದೇಕೆಂಬುದು ಇದರಿಂದ ವಿಶದವಾಗುತ್ತದೆ. ಎಣ್ಣೆ ತೀರ ತೆಳುವಾದರೆ ಈ ಕುಪ್ಪಳಿಕೆ ನಿಲ್ಲದು. ತೀರ ಮಂದವಾದರೆ ಚಕ್ರವು ತಗ್ಗಿಗೆ ಇಳಿಯುವುದು ತಡವಾಗುತ್ತದೆ. ಪಿಸ್ಟನ್ನಿನ ರಂಧ್ರವನ್ನು ಕೊರೆದು ಅಗಲಿಸುವವರು ಒಂದು ಸಂಗತಿಯನ್ನು ನೆನಪಿಡಬೇಕು. ಕಿರಿದಾದ ನಳಿಗೆಯಲ್ಲಿ ನಿಧಾನವಾಗಿ ಹರಿಯುವ ದ್ರವಕ್ಕೆ ಒದಗುವ ತಡೆಯು ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ವ್ಯಾಸವನ್ನು ನೂರಕ್ಕೆ ಹತ್ತರಷ್ಟು ಹಿಗ್ಗಿಸಿದರೆ ತಡೆ ಸುಮಾರು ಮೂರನೆಯ ಎರಡು ಪಾಲಿಗೆ ಕುಸಿಯುತ್ತದೆ. ಕೊರೆದುದನ್ನು ಮತ್ತೆ ಮುಚ್ಚುವುದು ಕಷ್ಟ. ಎಣ್ಣೆಯನ್ನು ಬದಲಾಯಿಸುವುದು ಸುಲಭ.

ಲಿಂಕುಗಳ ರೇಖಾಗಣಿತ

ಬದಿಯಿಂದ ನೋಡಿ, ಹಿಂಬದಿಯ ಮೇಲಿನ ಮತ್ತು ಕೆಳಗಿನ ಲಿಂಕುಗಳ ರೇಖೆಗಳನ್ನು ಮುಂದಕ್ಕೆಳೆದರೆ ಅವು ಸಾಮಾನ್ಯವಾಗಿ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅಚ್ಚು ಆ ಕ್ಷಣದಲ್ಲಿ ಈ ಬಿಂದುವಿನ ಸುತ್ತ ತಿರುಗುವಂತೆ ವರ್ತಿಸುವುದರಿಂದ ಇದನ್ನು ಕ್ಷಣಿಕ ಕೇಂದ್ರವೆನ್ನಬಹುದು. ಹಿಂಚಕ್ರವು ನೆಲವನ್ನು ಮುಟ್ಟುವ ಸ್ಥಳದಿಂದ ಈ ಕೇಂದ್ರಕ್ಕೆ ಎಳೆದ ರೇಖೆ ಎಷ್ಟು ಕಡಿದಾಗಿರುವುದೋ, ಚಕ್ರದ ತಳ್ಳುವಿಕೆಯು ಬಂಡಿಯ ಹಿಂಭಾಗವನ್ನು ಅಷ್ಟು ಪ್ರಬಲವಾಗಿ ಮೇಲೆತ್ತುತ್ತದೆ. ರೇಖೆ ತೀರ ಮಟ್ಟಸವಾಗಿದ್ದರೆ ಏರಿನಲ್ಲಿ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ. ತೀರ ಕಡಿದಾಗಿದ್ದರೆ ಹಿಂಭಾಗ ಎಗರಿ ಚಕ್ರಗಳು ಕುಪ್ಪಳಿಸುತ್ತವೆ. ಆದುದರಿಂದ ಬೆಲೆಬಾಳುವ ಹೊಸ ಲಿಂಕು ಮಾಡಲಾರದ ಕೆಲಸವನ್ನು, ಹಳೆಯ ಲಿಂಕನ್ನೇ ಒಂದು ರಂಧ್ರದಷ್ಟು ಮೇಲೆಯೋ ಕೆಳಗೋ ಜೋಡಿಸುವುದರಿಂದ ಸಾಧಿಸಬಹುದು.

ಪ್ಲಾಸ್ಟಿಕ್ಕಿನ ಲಿಂಕು ಬಾಗುವುದರಿಂದ ಲೋಹದ್ದನ್ನು ಹಾಕುವುದು ಸರಿಯೇ. ಒಂದೇ ಗಾತ್ರದ ಸರಳುಗಳಲ್ಲಿ ಉಕ್ಕು ಅಲ್ಯೂಮಿನಿಯಮ್ಮಿನ ಸುಮಾರು ಮೂರನೆಯ ಒಂದರಷ್ಟೇ ಬಾಗುತ್ತದೆ. ತೂಕವಾದರೋ ಸುಮಾರು ಮೂರರಷ್ಟು. ಕೆಳಗಿನ ಲಿಂಕಿನಲ್ಲಿ ಈ ತೂಕ ದೋಷವಲ್ಲ, ಗುಣವೇ. ಅದು ಗುರುತ್ವಕೇಂದ್ರವನ್ನು ಕೆಳಗಿಳಿಸುತ್ತದೆ. ಆದರೆ ಉದ್ದದ ಅಳತೆ ತಪ್ಪಬಾರದು. ಕೆಳಗಿನ ಲಿಂಕುಗಳ ಉದ್ದ ಬದಲಾದರೆ ಅಚ್ಚುಗಳ ಅಂತರ ಬದಲಾಗುತ್ತದೆ; ಮೇಲಿನದು ಮಾತ್ರ ಬದಲಾದರೆ ಅಚ್ಚೇ ಹೊರಳಿ, ಶಕ್ತಿ ಒಯ್ಯುವ ದಂಡದ ಕೀಲು ಬಿಗಿಯುತ್ತದೆ.

ಎಲ್ಲ ಚಕ್ರಗಳನ್ನೂ ನೆಲಕ್ಕೆ ಒತ್ತಿಹಿಡಿಯುವ ಈ ಸಮಸ್ಯೆ ಆಟಕ್ಕೆ ಮಾತ್ರ ಸೀಮಿತವಾದುದಲ್ಲ. ೨೦೨೩ರ ಆಗಸ್ಟ್‌ನಲ್ಲಿ ಚಂದ್ರಯಾನ-೩ರೊಡನೆ ಚಂದ್ರನ ಮೇಲಿಳಿದ ಆರು ಚಕ್ರಗಳ ‘ಪ್ರಜ್ಞಾನ್’ ಬಂಡಿಯೂ ಇದನ್ನೇ ಎದುರಿಸಬೇಕಾಯಿತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಇಸ್ರೋ ಸಂಸ್ಥೆಯವರು ಅದಕ್ಕೆ ಅಳವಡಿಸಿದುದು ‘ರಾಕರ್-ಬೋಗಿ’ ಎಂಬ ಏರ್ಪಾಡು. ಅದರಲ್ಲಿ ಸ್ಪ್ರಿಂಗುಗಳ ನೆರವಿಲ್ಲದೆ, ಕೀಲುಗಳ ಮೇಲೆ ತೂಗುವ ತೋಳುಗಳೇ ಭಾರವನ್ನು ಚಕ್ರಗಳಿಗೆ ಹಂಚುತ್ತವೆ.

ಕಿರುಬಂಡಿಯುಳ್ಳ ವಿದ್ಯಾರ್ಥಿಗಳು ಹೊಸ ಭಾಗಗಳನ್ನು ಕೊಳ್ಳುವ ಮೊದಲು ಅಳತೆಪಟ್ಟಿಯನ್ನೂ ಅಡಿಗೆಮನೆಯ ತಕ್ಕಡಿಯನ್ನೂ ಬಳಸಿ ನೋಡಲಿ. ನಾಲ್ಕು ಚಕ್ರಗಳ ಭಾರವೆಷ್ಟು, ಸ್ಪ್ರಿಂಗಿನ ಕುಗ್ಗುವಿಕೆಯೆಷ್ಟು, ಅಡ್ಡವಾಗಿಟ್ಟ ಹಲಗೆಯನ್ನು ಎಷ್ಟು ಓರೆ ಮಾಡಿದಾಗ ಬಂಡಿ ಉರುಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಬಳಿಕ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಿ ಮತ್ತೆ ಅಳೆಯಲಿ. ಹಾಗೆ ಮಾಡಿದವರಿಗೆ ಯಾವ ಬದಲಾವಣೆಯಿಂದ ಲಾಭವಾಯಿತು, ಯಾವುದರಿಂದ ನಷ್ಟವಾಯಿತು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.