ಉಪಗ್ರಹಗಳ ಕಕ್ಷಾ ವಿಘಟನೆ

ಭೂಮಿಯನ್ನು ಸುತ್ತುತ್ತಿರುವ ಉಪಗ್ರಹ ಅಥವಾ ರಾಕೆಟ್ಟಿನ ಹಂತವು ಕಕ್ಷೆಯಲ್ಲಿಯೇ ಒಡೆದು ಚೂರಾಗುವುದನ್ನು ಕಕ್ಷಾ ವಿಘಟನೆ ಎನ್ನಲಾಗುತ್ತದೆ. ಭೂಮಿಗೆ ಸಮೀಪದ ಕಕ್ಷೆಗಳಲ್ಲಿ ಈ ಚೂರುಗಳು ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ಚಲಿಸುವುದರಿಂದ, ಒಂದು ಸೆಂ.ಮೀ. ಗಾತ್ರದ ತುಣುಕು ಸಹ ಕಾರ್ಯನಿರತ ಉಪಗ್ರಹವನ್ನು ಹಾಳುಗೆಡವಬಲ್ಲದು.

ಕಾರಣಗಳು

ಉಳಿಕೆ ಇಂಧನದ ಸ್ಫೋಟ: ಕೆಲಸ ಮುಗಿದ ರಾಕೆಟ್ ಹಂತದ ತೊಟ್ಟಿಗಳಲ್ಲಿ ಸ್ವಲ್ಪ ಇಂಧನ ಉಳಿದಿರುತ್ತದೆ. ಸೂರ್ಯನ ಶಾಖದಿಂದ ಒತ್ತಡ ಹೆಚ್ಚಿದರೆ ತೊಟ್ಟಿ ಸಿಡಿಯಬಹುದು. ಕೆಲವು ಇಂಧನಗಳು ಉತ್ಕರ್ಷಕವನ್ನು ತಾಕಿದೊಡನೆ ಹೊತ್ತಿಕೊಳ್ಳುವುದರಿಂದ ಸೋರಿಕೆಯೂ ಅಪಾಯಕಾರಿ.

ಬ್ಯಾಟರಿಯ ಸ್ಫೋಟ: ಅಮೆರಿಕದ ಹವಾಮಾನ ಉಪಗ್ರಹ ಡಿಎಂಎಸ್‌ಪಿ-ಎಫ್13, 2015ರ ಫೆಬ್ರವರಿಯಲ್ಲಿ ಹೀಗೆ ಒಡೆಯಿತು.

ನಿಯಂತ್ರಣ ದೋಷ: 2016ರ ಮಾರ್ಚ್‌ನಲ್ಲಿ ಜಪಾನಿನ ಹಿಟೊಮಿ ಉಪಗ್ರಹವು ಹತೋಟಿ ತಪ್ಪಿ ಅತಿವೇಗವಾಗಿ ತಿರುಗಿದ ಪರಿಣಾಮ ಅದರ ಭಾಗಗಳು ಕಳಚಿಹೋದವು.

ಡಿಕ್ಕಿ: 2009ರ ಫೆಬ್ರವರಿ 10ರಂದು ಇರಿಡಿಯಂ 33 ಮತ್ತು ನಿಷ್ಕ್ರಿಯ ಕಾಸ್ಮಾಸ್ 2251 ಉಪಗ್ರಹಗಳು ಸೈಬೀರಿಯಾದ ಮೇಲೆ ಡಿಕ್ಕಿ ಹೊಡೆದವು.

ಉದ್ದೇಶಪೂರ್ವಕ ನಾಶ: 2007ರ ಜನವರಿಯಲ್ಲಿ ಚೀನಾ ತನ್ನ ಫೆಂಗ್ಯುನ್-1ಸಿ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದಾಗ 3,000ಕ್ಕೂ ಹೆಚ್ಚು ಚೂರುಗಳು ಉಂಟಾದವು.

ಭಾರತದ ಪ್ರಕರಣಗಳು

2001ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಪಿಎಸ್‌ಎಲ್‌ವಿ-ಸಿ3 ಮೂರು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅದರ ನಾಲ್ಕನೆಯ ಹಂತವು ಡಿಸೆಂಬರ್ 19ರಂದು ಸಿಡಿದು 300ಕ್ಕೂ ಹೆಚ್ಚು ಚೂರುಗಳಾಯಿತು. ಉಡಾವಣೆ ಯಶಸ್ವಿಯಾದ ಮೇಲೂ ಉಳಿದ ಹಂತವು ಅಪಾಯ ತರಬಲ್ಲದೆಂಬುದಕ್ಕೆ ಇದು ನಿದರ್ಶನ.

2019ರ ಮಾರ್ಚ್ 27ರ 'ಮಿಷನ್ ಶಕ್ತಿ' ಪರೀಕ್ಷೆಯಲ್ಲಿ ಭಾರತವು ತನ್ನದೇ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಸುಮಾರು 300 ಕಿ.ಮೀ. ಎತ್ತರದಲ್ಲಿ ನಾಶಪಡಿಸಿತು. ಎತ್ತರ ಕಡಿಮೆಯಿದ್ದ ಕಾರಣ ಬಹುಪಾಲು ಚೂರುಗಳು ಕೆಲವು ತಿಂಗಳುಗಳಲ್ಲಿ ವಾತಾವರಣಕ್ಕೆ ಮರಳಿ ಉರಿದುಹೋದವು. ಆದರೆ ಕೆಲವು ಚೂರುಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎತ್ತರವನ್ನೂ ಮೀರಿ ಚಿಮ್ಮಿದ್ದವು.

ತಡೆಗಟ್ಟುವಿಕೆ

ಕೆಲಸ ಮುಗಿದ ಬಳಿಕ ಉಳಿದ ಇಂಧನವನ್ನು ಹೊರಹಾಕುವುದು ಹಾಗೂ ಬ್ಯಾಟರಿಗಳನ್ನು ಬರಿದು ಮಾಡುವುದು ಮುಖ್ಯ ಮುನ್ನೆಚ್ಚರಿಕೆಗಳು. ಪಿಎಸ್‌ಎಲ್‌ವಿ-ಸಿ58ರ ನಾಲ್ಕನೆಯ ಹಂತವನ್ನು ಇಸ್ರೋ 650 ಕಿ.ಮೀ.ನಿಂದ 350 ಕಿ.ಮೀ. ಎತ್ತರಕ್ಕೆ ಇಳಿಸಿ, ಉಳಿದ ಇಂಧನವನ್ನು ಹೊರಹಾಕಿತು. ಪೋಯೆಮ್-3 ಎಂಬ ಪ್ರಯೋಗ ವೇದಿಕೆಯಾಗಿ ಬಳಕೆಯಾದ ಈ ಹಂತವು 2024ರ ಮಾರ್ಚ್ 21ರಂದು ವಾತಾವರಣವನ್ನು ಮರುಪ್ರವೇಶಿಸಿತು. ಡಿಕ್ಕಿಯ ಸಾಧ್ಯತೆಗಳ ಮೇಲೆ ಬೆಂಗಳೂರಿನ ಪೀಣ್ಯದಲ್ಲಿ 2022ರಲ್ಲಿ ಉದ್ಘಾಟನೆಗೊಂಡ ಇಸ್ರೋ ಕೇಂದ್ರವೊಂದು ನಿಗಾ ವಹಿಸುತ್ತದೆ.